ರಾತ್ರಿಗೆ ಏನು ಅಡಿಗೆ? – ಒಂದು ಪ್ರಶ್ನೆಯ ಚರಿತ್ರೆ



ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ತರಗತಿಯಲ್ಲಿ ನಿಂತು ಚರಿತ್ರೆಯ ಪಾಠ ಹೇಳಿದವಳು. ಕದಂಬರಿಂದ ಮೊದಲುಗೊಂಡು ಮೈಸೂರು ಒಡೆಯರವರೆಗೆ ಎಷ್ಟೋ ಇಸವಿಗಳನ್ನು ನೀವು ನನ್ನ ಒತ್ತಾಯಕ್ಕೆ ಬಾಯಿಪಾಠ ಮಾಡಿದ್ದೀರಿ. ಆದರೆ ಯಾವ ಪಠ್ಯಪುಸ್ತಕದಲ್ಲಿಯೂ ಬಾರದ, ನಮ್ಮ ನಾಡಿನ ಪ್ರತಿಯೊಂದು ಮನೆಯಲ್ಲಿಯೂ ದಿನಕ್ಕೊಮ್ಮೆ ತಪ್ಪದೆ ಎದ್ದು ನಿಲ್ಲುವ ಪ್ರಶ್ನೆಯೊಂದಿದೆ: "ರಾತ್ರಿಗೆ ಏನು ಅಡಿಗೆ?" ಈ ಪ್ರಶ್ನೆಗೆ ಶಾಸನದ ಆಧಾರವಿಲ್ಲ, ಇಸವಿಯ ಗೊತ್ತಿಲ್ಲ. ಆದರೂ ಇದಕ್ಕೊಂದು ಚರಿತ್ರೆಯಿದೆ. ಬರಗಾಲ, ಮಹಾಯುದ್ಧ, ಪಂಚಾಂಗ, ಪಡಿತರ ಚೀಟಿ, ಸೀಮೆಎಣ್ಣೆ ಇವೆಲ್ಲವೂ ನಮ್ಮ ಎನ್.ಆರ್. ಕಾಲೋನಿಯ ಅಡಿಗೆಮನೆಗಳಿಗೆ ಬಂದು ಈ ಪ್ರಶ್ನೆಗೆ ತಮ್ಮ ತಮ್ಮ ಉತ್ತರವನ್ನು ಹೇಳಿ ಹೋಗಿವೆ. ಆ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ.

ಕನ್ನಡದಲ್ಲಿ ಅಡಿಗೆಯ ಬರಹಕ್ಕೆ ಕೊರತೆಯೇನೂ ಇಲ್ಲ. ಇಮ್ಮಡಿ ಚಾವುಂಡರಾಯನು 1025ರ ಸುಮಾರಿಗೆ ಬರೆದ 'ಲೋಕೋಪಕಾರ'ದಲ್ಲಿ ವಾಸ್ತು, ಅಂತರ್ಜಲ, ವೈದ್ಯ, ವೃಕ್ಷಾಯುರ್ವೇದಗಳ ಜೊತೆಯಲ್ಲಿ ಸೂಪಶಾಸ್ತ್ರಕ್ಕೂ ಸ್ಥಾನವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಅರಸನ ಊಟವನ್ನು ವಿಸ್ತಾರವಾಗಿ ವರ್ಣಿಸುತ್ತದೆ. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಪ್ರತ್ಯೇಕ ಕಾವ್ಯವನ್ನೇ ಬರೆದನು. ಅದರಲ್ಲಿ ಬದನೆಕಾಯಿಯ ಅಡಿಗೆಗಳಿಗೇ ಒಂದು ಅಧ್ಯಾಯ ಮೀಸಲು. ಆದರೆ ಈ ಗ್ರಂಥಗಳೆಲ್ಲವೂ 'ಹೇಗೆ ಮಾಡಬೇಕು' ಎಂಬುದನ್ನು ಹೇಳುತ್ತವೆಯೇ ಹೊರತು, 'ಈ ದಿನ ಯಾವುದನ್ನು ಮಾಡಬೇಕು' ಎಂಬುದನ್ನು ಹೇಳುವುದಿಲ್ಲ. ಬದನೆಕಾಯಿಯನ್ನು ಇಪ್ಪತ್ತು ಬಗೆಯಲ್ಲಿ ಮಾಡಬಲ್ಲವಳಿಗೂ, ಮನೆಯಲ್ಲಿರುವುದು ಎರಡೇ ಬದನೆಕಾಯಿ, ಉಣ್ಣುವವರು ಎಂಟು ಜನ, ಒಬ್ಬರಿಗೆ ಕಜ್ಜಿಯೆಂದು ಬದನೆ ನಿಷಿದ್ಧ ಎಂದಾದಾಗ ಮಂಗರಸನಿಂದ ಯಾವ ಸಹಾಯವೂ ದೊರೆಯುವುದಿಲ್ಲ. ಆ ಜ್ಞಾನ ಬೇರೆಯದು. ಅದನ್ನು ಯಾರೂ ಬರೆದಿಡಲಿಲ್ಲ.

ನಮ್ಮ ತಂದೆಯವರು ದಿನದ ಖರ್ಚನ್ನು ತಪ್ಪದೆ ಬರೆದಿಡುತ್ತಿದ್ದರು. ಕೆಂಪು ರಟ್ಟಿನ ಉದ್ದನೆಯ ಪುಸ್ತಕಗಳು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿ, ಆಣೆ, ಕಾಸುಗಳ ಲೆಕ್ಕ. ಅನಂತರ ನಯಾಪೈಸೆಯ ಲೆಕ್ಕ. ಅವುಗಳಲ್ಲಿ 'ತರಕಾರಿ', 'ಸೊಪ್ಪು', 'ಸೌದೆ', 'ಕಾಫಿಬೀಜ' ಎಂದೆಲ್ಲ ನಮೂದಾಗಿದೆ. ಮನೆಗೆ ಏನು ಬಂದಿತೆಂಬುದು ಅದರಿಂದ ತಿಳಿಯುತ್ತದೆ. ಆ ರಾತ್ರಿ ಎಲೆಯ ಮೇಲೆ ಏನು ಬಿದ್ದಿತೆಂಬುದು ತಿಳಿಯುವುದಿಲ್ಲ. ಕೊಂಡದ್ದನ್ನು ತಂದೆ ಬರೆದರು, ಅದರಿಂದ ಊಟವನ್ನು ಕಲ್ಪಿಸಿದ ತಾಯಿ ಏನನ್ನೂ ಬರೆಯಲಿಲ್ಲ. ಆದ್ದರಿಂದ ಈ ಚರಿತ್ರೆಯನ್ನು ಹೇಳುವಾಗ ನನ್ನ ನೆನಪನ್ನೂ, ಲೋಕಕ್ಕೆ ತಿಳಿದಿರುವ ಘಟನೆಗಳನ್ನೂ ಜೊತೆಯಾಗಿಟ್ಟು ನೋಡಬೇಕಾಗಿದೆ.

ಮೊದಲು ನಮ್ಮ ಬಡಾವಣೆಯ ಮಾತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕೆಂದು ಉತ್ತರಕ್ಕೆ ಮಲ್ಲೇಶ್ವರವನ್ನೂ ದಕ್ಷಿಣಕ್ಕೆ ಬಸವನಗುಡಿಯನ್ನೂ ರೂಪಿಸಿದರು. ಬಸವನಗುಡಿಯ ದಕ್ಷಿಣದ ಅಂಚಿನಲ್ಲಿ ಮುಂದೆ ಬೆಳೆದದ್ದು ನರಸಿಂಹರಾಜ ಕಾಲೋನಿ, ಅಂದರೆ ನಮ್ಮ ಎನ್.ಆರ್. ಕಾಲೋನಿ. ಗುಮಾಸ್ತರು, ಉಪಾಧ್ಯಾಯರು, ಅಂಚೆ ಕಚೇರಿಯವರು, ಬ್ಯಾಂಕಿನವರು ಹೆಚ್ಚಾಗಿದ್ದ ಸ್ಥಳ. ಇಂತಹ ಮನೆಗಳಲ್ಲಿ ದೊಡ್ಡ ಅಡಿಗೆ ನಡೆಯುತ್ತಿದ್ದುದು ಬೆಳಿಗ್ಗೆಯೇ. ಒಂಬತ್ತು, ಒಂಬತ್ತೂವರೆಗೆ ಅನ್ನ, ಹುಳಿ, ಪಲ್ಯದ ಊಟ ಮುಗಿಸಿ ಗಂಡಸರು ಕಚೇರಿಗೂ ಮಕ್ಕಳು ಶಾಲೆಗೂ ಹೊರಡುತ್ತಿದ್ದರು. ಸಂಜೆ ಬಂದವರಿಗೆ ಕಾಫಿ, ಏನಾದರೊಂದು ತಿಂಡಿ. ರಾತ್ರಿಯ ಊಟವೆಂಬುದು ಬೆಳಗಿನ ಅಡಿಗೆಯ ಬಾಲದಂತೆ ಇರುತ್ತಿತ್ತು. ಬೆಳಗಿನ ಸಾರು ಕುದಿದು ಇನ್ನಷ್ಟು ರುಚಿಯಾಗಿ ನಿಂತಿರುತ್ತಿತ್ತು. ಅದಕ್ಕೆ ಬಿಸಿ ಅನ್ನ, ಸುಟ್ಟ ಹಪ್ಪಳ, ಮಜ್ಜಿಗೆ, ಉಪ್ಪಿನಕಾಯಿ. ಸಾರು ಸಾಲದಾದರೆ ಒಂದು ಗೊಜ್ಜು, ಇಲ್ಲವೇ ಮೆಂತ್ಯದ ಹಿಟ್ಟಿಗೆ ಮೊಸರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಕಾಲದಲ್ಲಿ ಪ್ರಶ್ನೆಯ ಅರ್ಧ ಭಾಗಕ್ಕೆ ಉತ್ತರ ಮೊದಲೇ ಸಿದ್ಧವಾಗಿತ್ತು. ನಮ್ಮಂತಹವರ ಮನೆಯಲ್ಲಿ ಅನ್ನ ಸ್ಥಿರ. ಹಳ್ಳಿಯ ಕಡೆಯಿಂದ ಬಂದ ಮನೆಗಳಲ್ಲಿ ರಾಗಿಮುದ್ದೆ ಸ್ಥಿರ. "ಏನು ಅಡಿಗೆ" ಎಂದರೆ "ಅದಕ್ಕೆ ಏನು ಸಾರು" ಎಂದಷ್ಟೇ ಅರ್ಥ. ನಮ್ಮ ಹಿಂದಿನ ಬೀದಿಯಲ್ಲಿದ್ದ ಮನೆಯೊಂದರಲ್ಲಿ ಬಸ್ಸಾರು ಮಾಡುವುದನ್ನು ನಾನು ಹುಡುಗಿಯಾಗಿದ್ದಾಗ ಕಂಡು ಬೆರಗಾಗಿದ್ದೆ. ಸೊಪ್ಪನ್ನೂ ಕಾಳನ್ನೂ ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿಗೆ ಮಸಾಲೆ ಸೇರಿಸಿದರೆ ಮುದ್ದೆಗೆ ಸಾರು; ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಒಂದು ಉರಿ, ಒಂದು ನಿರ್ಧಾರ; ಫಲ ಎರಡು. ಯಾವ ಅರ್ಥಶಾಸ್ತ್ರಜ್ಞನೂ ಮೆಚ್ಚಬೇಕಾದ ಮಿತವ್ಯಯವಿದು.

ಆ ಸಾರು ಯಾವುದು ಎಂಬುದನ್ನೂ ಮನೆಯಾಕೆ ಒಬ್ಬಳೇ ಕುಳಿತು ನಿರ್ಧರಿಸುತ್ತಿರಲಿಲ್ಲ. ಅವಳಿಗಿಂತ ಮೊದಲು ಮಾತನಾಡುತ್ತಿದ್ದುದು ಗೋಡೆಗೆ ತೂಗುಹಾಕಿದ ಪಂಚಾಂಗ. ಏಕಾದಶಿಗೆ ಒಲೆಗೇ ರಜೆ. ನಿಷ್ಠಾವಂತರಿಗೆ ಹಿಂದಿನ ದಶಮಿಯ ರಾತ್ರಿಯೂ ಮುಂದಿನ ದ್ವಾದಶಿಯ ರಾತ್ರಿಯೂ ಊಟವಿಲ್ಲ. ದ್ವಾದಶಿಯ ಪಾರಣೆ ಬೆಳಿಗ್ಗೆ ಬೇಗ. ಅಂದು ಅಗಸೆಸೊಪ್ಪು, ನೆಲ್ಲಿಕಾಯಿ ಶ್ರೇಷ್ಠ. ಸಂಕಷ್ಟಿಯೆಂದರೆ ಚಂದ್ರೋದಯವಾಗುವವರೆಗೆ ಊಟವಿಲ್ಲ. ಶನಿವಾರ ರಾತ್ರಿ ಅನೇಕ ಮನೆಗಳಲ್ಲಿ ಅನ್ನ ಮಾಡದೆ 'ಪಲಾರ', ಅಂದರೆ ಉಪ್ಪಿಟ್ಟೋ ದೋಸೆಯೋ ಅವಲಕ್ಕಿಯೋ. ಮಕ್ಕಳಾದ ನಮಗೆ ಶನಿವಾರದ ಈ ವ್ರತದಲ್ಲಿ ಬಹಳ ಭಕ್ತಿ!

ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳುಗಳು ಇನ್ನೂ ಕಠಿಣ. ಆಷಾಢದ ಏಕಾದಶಿಯಿಂದ ಕಾರ್ತಿಕದವರೆಗೆ ಕ್ರಮವಾಗಿ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ. ಮೊದಲ ತಿಂಗಳು ತರಕಾರಿ ಸೊಪ್ಪುಗಳಿಲ್ಲ. ಎರಡನೆಯ ತಿಂಗಳು ಮೊಸರಿಲ್ಲ. ಮೂರನೆಯ ತಿಂಗಳು ಹಾಲಿಲ್ಲ. ನಾಲ್ಕನೆಯ ತಿಂಗಳು ಬೇಳೆಕಾಳುಗಳಿಲ್ಲ. ಶಾಕವ್ರತದಲ್ಲಿ ಮೆಣಸು, ಜೀರಿಗೆ, ಹೆಸರುಬೇಳೆಗಳ ಬಲದಿಂದಲೇ ಮೂವತ್ತು ರಾತ್ರಿಗಳನ್ನು ದಾಟಿಸಬೇಕು. ದ್ವಿದಳದಲ್ಲಿ ಬೇಳೆಯಿಲ್ಲದ ಸಾರನ್ನು ರುಚಿಯಾಗಿಸಬೇಕು. ಪಂಚಾಂಗ ಬೇಡವೆನ್ನುವುದನ್ನು ಮಾತ್ರ ಹೇಳುತ್ತಿತ್ತು. ಉಳಿದುದರಲ್ಲಿ ಹೊಸದನ್ನು ಹೊಂದಿಸುವ ಹೊಣೆ ಹೆಂಗಸರದು. ಆದರೂ ಒಂದು ಅನುಕೂಲವಿತ್ತು. "ಇವತ್ತು ಯಾಕೆ ಪಲ್ಯ ಮಾಡಿಲ್ಲ?" ಎಂದು ಮನೆಯ ಯಜಮಾನ ಕೇಳುವಂತಿರಲಿಲ್ಲ. ಪಂಚಾಂಗವು ಮನೆಯಾಕೆಯ ಕೈಯನ್ನು ಕಟ್ಟುತ್ತಿದ್ದಂತೆಯೇ ಅವಳ ಬೆನ್ನಿಗೂ ನಿಲ್ಲುತ್ತಿತ್ತು.

ಪಂಚಾಂಗದ ಅನಂತರ ಹಿತ್ತಿಲು. ಪ್ಲೇಗಿನ ಭಯದಿಂದ ಗಾಳಿ ಬೆಳಕಿಗಾಗಿ ಬಿಟ್ಟ ಜಾಗ ನಮ್ಮ ಭಾಗದ ಮನೆಗಳಿಗೆ ಕರಿಬೇವನ್ನೂ ನುಗ್ಗೆಯನ್ನೂ ಬಾಳೆಯನ್ನೂ ದೊಡ್ಡಪತ್ರೆಯನ್ನೂ ಕೊಟ್ಟಿತು. ಮನೆಯಲ್ಲಿ ತರಕಾರಿ ಏನೂ ಇಲ್ಲವೆಂದರೆ ನಾಲ್ಕು ಎಲೆ ದೊಡ್ಡಪತ್ರೆ ಕಿತ್ತು ತಂದರೆ ತಂಬುಳಿ. ಚಪ್ಪರದ ಮೇಲೆ ಸೀಮೆಬದನೆ. ಈ ಸೀಮೆಬದನೆಗೆ ತಮಿಳಿನಲ್ಲಿ 'ಬೆಂಗಳೂರು ಬದನೆ' ಎಂಬ ಅರ್ಥದ ಹೆಸರೇ ಇದೆ. ಹುಟ್ಟೂರು ಮಾತ್ರ ದೂರದ ಮೆಕ್ಸಿಕೋ ಕಡೆಯದು. 1874ರಿಂದ 1908ರವರೆಗೆ ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಜಾನ್ ಕ್ಯಾಮೆರಾನ್ ಇದನ್ನು ಇಲ್ಲಿ ಪರಿಚಯಿಸಿದರು. ನಮ್ಮ ಹಿತ್ತಿಲಿಗೆ ಲಾಲ್‌ಬಾಗಿನ ಈ ಉಪಕಾರ ದೊಡ್ಡದು.

ಹೊಸ ತರಕಾರಿಗಳು ನಮ್ಮ ಅಡಿಗೆಮನೆಗೆ ಯಾವ ಬಾಗಿಲಿನಿಂದ ಬಂದವು ಎಂಬುದನ್ನು ತಿಳಿಯಲು ಒಂದು ಸುಲಭೋಪಾಯವಿದೆ. ಶ್ರಾದ್ಧದ ಅಡಿಗೆಯನ್ನು ನೋಡಿ. ಅಲ್ಲಿ ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಕೋಸು ಕ್ಯಾರೆಟ್‌ಗಳಿಲ್ಲ. ಮೆಣಸಿನಕಾಯಿಯ ಬದಲು ಕರಿಮೆಣಸು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳೆಲ್ಲ ಪೋರ್ಚುಗೀಸರು ಬಂದ ಮೇಲೆ ಅಮೆರಿಕ ಖಂಡದಿಂದ ನಮ್ಮ ದೇಶಕ್ಕೆ ಬಂದವು. ಹೀಗೆ ಪಿತೃಗಳಿಗಾಗಿ ಮಾಡುವ ಅಡಿಗೆಯು ಪಿತೃಗಳು ತಿಳಿದಿದ್ದ ತರಕಾರಿಗಳಲ್ಲಿಯೇ ನಿಂತಿದೆ. ನಿತ್ಯದ ರಾತ್ರಿಯೂಟ ಮಾತ್ರ ಎಲ್ಲರನ್ನೂ ಒಳಗೆ ಬಿಟ್ಟುಕೊಂಡಿತು. ಚರಿತ್ರೆಯ ವಿದ್ಯಾರ್ಥಿಗಳು ಹಂಪಿಯ ಕಲ್ಲುಗಳನ್ನು ನೋಡುವಷ್ಟೇ ಆಸಕ್ತಿಯಿಂದ ಶ್ರಾದ್ಧದ ಎಲೆಯನ್ನೂ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಹಿತ್ತಿಲನ್ನು ಬಿಟ್ಟರೆ ಬೀದಿ. ಬೆಳಿಗ್ಗೆ ದಕ್ಷಿಣದ ಹಳ್ಳಿಗಳಿಂದ ತಲೆಯ ಮೇಲೆ ಕುಕ್ಕೆ ಹೊತ್ತು ಬರುವ ಸೊಪ್ಪಿನವಳು ಕೂಗಿದುದೇ ಅಂದಿನ ತೀರ್ಪು. ದಂಟು ತಂದಳೋ ದಂಟಿನ ಹುಳಿ. ಮೆಂತ್ಯ ತಂದಳೋ ಮೆಂತ್ಯದ ಸಾರು. ಧನುರ್ಮಾಸದ ಚಳಿಯಲ್ಲಿ ಗಾಂಧಿಬಜಾರಿನ ತುಂಬ ಅವರೇಕಾಯಿಯ ಸೊಗಡು. ಆಗ ಒಂದೂವರೆ ತಿಂಗಳು ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಅವರೇಕಾಳಿನ ಹುಳಿ, ಉಪ್ಪಿಟ್ಟು, ಹಿತಕಿದ ಬೇಳೆಯ ಸಾರು. ಸಂಜೆ ಮನೆಮಂದಿಯೆಲ್ಲ ಸುತ್ತ ಕುಳಿತು ನೆನೆಸಿದ ಕಾಳನ್ನು ಹಿಚುಕುತ್ತಿದ್ದಾಗ, ರಾತ್ರಿಯ ಅಡಿಗೆಯ ಕೆಲಸದಲ್ಲಿ ಗಂಡಸರ ಕೈಯೂ ಸೇರುತ್ತಿದ್ದ ಅಪರೂಪದ ದೃಶ್ಯ ಕಾಣುತ್ತಿತ್ತು.

ಮೂರನೆಯ ನಿರ್ಣಾಯಕ ಉರಿ. ಸೌದೆ ಡಿಪೋದಿಂದ ತಂದ ಸೌದೆ, ಮಳೆಗಾಲದಲ್ಲಿ ಹಸಿಯಾಗಿ ಹೊಗೆಯಾಡುವ ಸೌದೆ. ಅನಂತರ ಇದ್ದಿಲೊಲೆ, ಮರದ ಹೊಟ್ಟನ್ನು ಗಟ್ಟಿಯಾಗಿ ತುಂಬಿ ಉರಿಸುವ ಹೊಟ್ಟಿನ ಒಲೆ, ಆಮೇಲೆ ಸೀಮೆಎಣ್ಣೆಯ ಬತ್ತಿ ಸ್ಟೌ. ರಾತ್ರಿಗೆ ಪುನಃ ಬೇಳೆ ಬೇಯಿಸುವುದೆಂದರೆ ಒಂದು ಗಂಟೆಯ ಉರಿ. ಆದ್ದರಿಂದಲೇ ರಾತ್ರಿಯ ಅಡಿಗೆಯೆಂದರೆ ಬೇಳೆ ಬೇಡದ ಅಡಿಗೆ: ಗೊಜ್ಜು, ಚಿತ್ರಾನ್ನ, ಮಜ್ಜಿಗೆಹುಳಿ, ಮೆಣಸಿನ ಸಾರು. ಇದು ರುಚಿಯ ಆಯ್ಕೆಯೆಂದು ನಾವು ಭಾವಿಸಿದ್ದೆವು. ಬಹುಮಟ್ಟಿಗೆ ಅದು ಸೌದೆಯ ಆಯ್ಕೆ.

ಇಷ್ಟು ಸ್ಥಿರವಾಗಿದ್ದ ವ್ಯವಸ್ಥೆಯನ್ನು ಮೊದಲು ಅಲುಗಿಸಿದ್ದು ಎರಡನೆಯ ಮಹಾಯುದ್ಧ. 1942ರಲ್ಲಿ ಜಪಾನೀಯರು ಬರ್ಮಾವನ್ನು ವಶಪಡಿಸಿಕೊಂಡರು. ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು. 1943ರಲ್ಲಿ ಬಂಗಾಳದ ಮಹಾಕ್ಷಾಮ. ದೇಶದ ನಗರಗಳಲ್ಲಿ ಪಡಿತರ ಬಂದಿತು, ನಮ್ಮ ಬೆಂಗಳೂರಿಗೂ ಬಂದಿತು. ಅಂದಿನವರೆಗೆ ಪಂಚಾಂಗಕ್ಕೆ ಮಾತ್ರ ತಲೆಬಾಗಿದ್ದ ಅಡಿಗೆಮನೆ ಈಗ ರೇಷನ್ ಚೀಟಿಗೆ ತಲೆಬಾಗಿತು. ಎಷ್ಟು ಅಕ್ಕಿ, ಎಂತಹ ಅಕ್ಕಿ ಎಂಬುದನ್ನು ಸರಕಾರ ಹೇಳಿತು. ನಮ್ಮ ತಾಯಿ ಆಗ ಹೊಸದಾಗಿ ಸಂಸಾರ ಹೂಡಿದ್ದರು. ಕಲ್ಲು ಆರಿಸಿ ಆರಿಸಿ ಸೇರಕ್ಕಿ ಮುಕ್ಕಾಲು ಸೇರಾಗುತ್ತಿತ್ತೆಂದು ಅವರು ಹೇಳುತ್ತಿದ್ದರು. ಹೋಟೆಲುಗಳಿಗೂ ಇದೇ ಕಷ್ಟ. 1924ರಲ್ಲಿ ಪರಂಪಳ್ಳಿ ಯಜ್ಞನಾರಾಯಣ ಮಯ್ಯರು ಸಹೋದರರೊಡನೆ ಆರಂಭಿಸಿದ ಹೋಟೆಲಿನಲ್ಲಿ, ಅಂದರೆ ಇಂದಿನ ಎಂ.ಟಿ.ಆರ್.ನಲ್ಲಿ, ಅಕ್ಕಿ ಸಿಗದ ಆ ಯುದ್ಧಕಾಲದಲ್ಲಿಯೇ ರವೆಯಿಂದ ಇಡ್ಲಿ ಮಾಡುವ ಉಪಾಯ ಹೊಳೆಯಿತೆಂದು ಅವರ ಸಂಸ್ಥೆಯವರು ಹೇಳುತ್ತಾರೆ. ರವೆ ಇಡ್ಲಿಯನ್ನು ಇಂದು ನಾವು ಚಪಲಕ್ಕಾಗಿ ತಿನ್ನುತ್ತೇವೆ. ಅದು ಹುಟ್ಟಿದ್ದು ಕೊರತೆಯ ಹೊಟ್ಟೆಯಲ್ಲಿ.

ಸ್ವಾತಂತ್ರ್ಯ ಬಂದ ಮೇಲೂ ಕೊರತೆ ತೀರಲಿಲ್ಲ. 1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಯಿತು. ಅಲ್ಲಿನ ವಿಜ್ಞಾನಿಗಳು ಆ ವರ್ಷಗಳಲ್ಲಿ ಮಾಡಿದ ಪ್ರಯೋಗಗಳಲ್ಲಿ ಒಂದು ಮರಗೆಣಸಿನ ಹಿಟ್ಟಿಗೆ ಕಡಲೇಕಾಯಿ ಹಿಟ್ಟನ್ನು ಬೆರೆಸಿದ 'ಮೈಸೂರು ಹಿಟ್ಟು'. ಅಕ್ಕಿಯ ಬದಲು ಇದನ್ನು ಬಳಸಬಹುದೆಂಬುದು ಆಶಯ. ಶಾಸ್ತ್ರದ ದೃಷ್ಟಿಯಿಂದ ಅದು ಒಳ್ಳೆಯ ಯೋಚನೆಯೇ. ಆದರೆ ಅನ್ನದ ಮೇಲೆ ಸಾರು ಕಲಸಿ ಉಂಡ ಕೈಗೆ ಹಿಟ್ಟಿನ ವಾದ ಒಪ್ಪಿಗೆಯಾಗಲಿಲ್ಲ. ಪ್ರಯೋಗಾಲಯದ ಉತ್ತರಕ್ಕಿಂತ ನಾಲಿಗೆಯ ಉತ್ತರ ಬಲವಾದುದು.

ಇನ್ನು 1965ರ ಮಾತು. ಆಗ ನಾನು ಕಾಲೇಜಿಗೆ ಸೇರಿದ್ದೆ. ಒಂದು ಕಡೆ ಪಾಕಿಸ್ತಾನದೊಡನೆ ಯುದ್ಧ, ಇನ್ನೊಂದು ಕಡೆ ಮಳೆಯಿಲ್ಲದ ವರ್ಷ. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ದೇಶದ ಜನರನ್ನು ಒಂದು ವಿಷಯ ಕೇಳಿಕೊಂಡರು: ವಾರಕ್ಕೊಮ್ಮೆ, ಸೋಮವಾರ ರಾತ್ರಿ, ಒಂದು ಹೊತ್ತಿನ ಊಟವನ್ನು ಬಿಡಿ. ತಮ್ಮ ಮನೆಯಲ್ಲಿಯೂ ಅವರು ಅದನ್ನು ನಡೆಸಿದರು. ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದವು. "ರಾತ್ರಿಗೆ ಏನು ಅಡಿಗೆ" ಎಂಬ ಪ್ರಶ್ನೆಗೆ ಪ್ರಧಾನಿಯೊಬ್ಬರು ನೇರವಾಗಿ "ಏನೂ ಬೇಡ" ಎಂದು ಉತ್ತರ ಹೇಳಿದ ಸಂದರ್ಭ ಅದು. ನಮ್ಮ ಬೀದಿಯಲ್ಲಿ ಈ ಕರೆಗೆ ವಿವರಣೆಯೇ ಬೇಕಾಗಲಿಲ್ಲ. 'ಒಪ್ಪತ್ತು' ಎಂಬ ಪದ ನಮ್ಮಲ್ಲಿ ಮೊದಲೇ ಇತ್ತು. ಸೋಮವಾರದ ಒಪ್ಪತ್ತು ಶಿವನಿಗೂ ಪ್ರಿಯವಾದುದು. ನಮ್ಮ ಅಜ್ಜಿ, "ಇದುವರೆಗೆ ದೇವರಿಗೆ ಮಾಡುತ್ತಿದ್ದುದನ್ನು ಈಗ ಸೈನಿಕರಿಗೂ ಸೇರಿಸಿ ಮಾಡುವುದು" ಎಂದು ಸಂಕಲ್ಪವನ್ನೇ ವಿಸ್ತರಿಸಿಬಿಟ್ಟರು. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಶಾಸ್ತ್ರಿಯವರು ತೀರಿಕೊಂಡ ಸುದ್ದಿ ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಆ ಸೋಮವಾರ ಮುಂದುವರಿಯಿತು. ನಮ್ಮ ತಾಯಿ ತಮ್ಮ ಕೊನೆಯವರೆಗೂ ಅದನ್ನು ಬಿಡಲಿಲ್ಲ.

ಆ ವರ್ಷಗಳಲ್ಲಿಯೇ ಇನ್ನೊಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಬಂದಿತು: ಗೋಧಿ. ಪಿ.ಎಲ್. 480 ಎಂಬ ಅಮೆರಿಕದ ಕಾನೂನಿನ ಅಡಿಯಲ್ಲಿ 1956ರಲ್ಲಿ ನಮ್ಮ ದೇಶ ಮೊದಲ ಒಪ್ಪಂದ ಮಾಡಿಕೊಂಡಿತು. ಬರದ ವರ್ಷವಾದ 1966ರಲ್ಲಿ ದೇಶಕ್ಕೆ ಆಮದಾದ ಆಹಾರಧಾನ್ಯ ಸುಮಾರು 1 ಕೋಟಿ ಟನ್. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯ ಪಾಲು ಕಡಿಮೆಯಾಗಿ ಗೋಧಿಯ ಪಾಲು ಬಂದಿತು. ಅದನ್ನು ಒಣಗಿಸಿ, ಆರಿಸಿ, ಮಿಲ್ಲಿಗೆ ಹಾಕಿಸಿಕೊಂಡು ಬರುವ ಕೆಲಸ ಮಕ್ಕಳದು. ಮೊದಮೊದಲು ಆ ಹಿಟ್ಟನ್ನು ಏನು ಮಾಡಬೇಕೆಂಬುದೇ ನಮ್ಮ ಕಡೆಯ ಹೆಂಗಸರಿಗೆ ಸಮಸ್ಯೆ. ಪೂರಿ, ಒಬ್ಬಟ್ಟಿನ ಕಣಕ ತಿಳಿದಿತ್ತು. ನಿತ್ಯದ ಊಟಕ್ಕೆ ಚಪಾತಿ ಹೊಸತು. ರಾತ್ರಿಯೂಟಕ್ಕೇ ಅದು ಹೊಂದಿಕೊಂಡಿತು, ಏಕೆಂದರೆ ಬೆಳಗಿನ ಅವಸರದಲ್ಲಿ ಎಂಟು ಜನಕ್ಕೆ ಲಟ್ಟಿಸಿ ಸುಡುವುದು ಸಾಧ್ಯವಿರಲಿಲ್ಲ.

ಇಲ್ಲಿಯೇ ನಮ್ಮ ಪ್ರಶ್ನೆಯ ಸ್ವರೂಪ ಬದಲಾದದ್ದು. ಹಿಂದೆ ಅನ್ನ ಸ್ಥಿರ, ಸಾರು ಚರ. ಈಗ ಅನ್ನವೋ ಚಪಾತಿಯೋ ಎಂಬುದೂ ನಿರ್ಧಾರಕ್ಕೆ ಬಂದಿತು. ಚಪಾತಿಗೆ ತಿಳಿಸಾರು ಹೊಂದುವುದಿಲ್ಲ. ಅದಕ್ಕೆ ಗಟ್ಟಿ ಪಲ್ಯವೋ ಸಾಗುವೋ ಬೇಕು. ಕೊನೆಗೆ ಮಜ್ಜಿಗೆಗೆ ಒಂದು ಹಿಡಿ ಅನ್ನವೂ ಬೇಕು. ಒಂದು ಪ್ರಶ್ನೆ ಇದ್ದದ್ದು ಮೂರಾಯಿತು. ಕೊರತೆಯಿಂದ ಬಂದ ಗೋಧಿ ಕೊರತೆ ನೀಗಿದ ಮೇಲೂ ಹೋಗಲಿಲ್ಲ. ಮುಂದೆ ಮನೆಮನೆಗೆ ಸಕ್ಕರೆ ಕಾಯಿಲೆ ಬಂದು, ರಾತ್ರಿ ಅನ್ನ ಬಿಡಿ ಎಂದು ವೈದ್ಯರು ಹೇಳತೊಡಗಿದಾಗ ಚಪಾತಿಗೆ ಶಾಶ್ವತ ಪೀಠವೇ ದೊರಕಿತು.

1960 ಮತ್ತು 70ರ ದಶಕಗಳಲ್ಲಿ ಒಲೆಯ ಸುತ್ತಲಿನ ಲೋಕವೂ ಬದಲಾಯಿತು. ಪ್ರೆಷರ್ ಕುಕ್ಕರ್ ಬಂದು ಬೇಳೆಯ ಒಂದು ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಿತು. 1965ರಲ್ಲಿ ಇಂಡೇನ್ ಅನಿಲ ದೇಶದಲ್ಲಿ ಮೊದಲ ಸಲ ಮನೆಬಳಕೆಗೆ ಬಂದಿತು. ನಮ್ಮಂತಹವರ ಮನೆಗಳಿಗೆ ಸಿಲಿಂಡರ್ ಬರಲು ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಆಮೇಲೆ ಮಿಕ್ಸಿ, ಗ್ರೈಂಡರ್, ಫ್ರಿಡ್ಜ್. ಎಂ.ಟಿ.ಆರ್.ನವರು 1970ರ ದಶಕದ ಮಧ್ಯದ ತುರ್ತುಪರಿಸ್ಥಿತಿಯ ಕಾಲದಲ್ಲಿ, ಹೋಟೆಲಿನ ತಿಂಡಿಗಳ ಬೆಲೆಗೆ ಸರಕಾರದ ಕಡಿವಾಣ ಬಿದ್ದಾಗ, ಸಿದ್ಧ ಮಿಶ್ರಣಗಳ ಪೊಟ್ಟಣಗಳನ್ನು ಮಾರತೊಡಗಿದರು. 2005ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾದ ಐಡಿ ಸಂಸ್ಥೆ ದೋಸೆ ಹಿಟ್ಟನ್ನೇ ಪೊಟ್ಟಣದಲ್ಲಿ ತಂದುಕೊಟ್ಟಿತು. "ಹಿಟ್ಟಿದೆ" ಎಂಬ ಒಂದೇ ಪದ ಎಷ್ಟೋ ರಾತ್ರಿಗಳನ್ನು ಉಳಿಸಿದೆ. ಇವುಗಳ ಉಪಕಾರವನ್ನು ನಾನು ಕಡೆಗಣಿಸಲಾರೆ. ಒರಳಿನ ಮುಂದೆ ಕುಳಿತು ರುಬ್ಬಿದ ತೋಳುಗಳಿಗೆ ಗೊತ್ತು ಅದರ ಬೆಲೆ.

ಆದರೆ ಈ ಯಂತ್ರಗಳೆಲ್ಲ ಕೈಯ ಕೆಲಸವನ್ನು ಕಡಿಮೆ ಮಾಡಿದವೇ ಹೊರತು ಯೋಚನೆಯ ಕೆಲಸವನ್ನು ಮಾಡಲಿಲ್ಲ. ಅದು ನನಗೆ ಚೆನ್ನಾಗಿ ಅರ್ಥವಾದದ್ದು ನಾನೇ ಕೆಲಸಕ್ಕೆ ಹೋಗತೊಡಗಿದ ಮೇಲೆ. ಎಂಟನೆಯ ತರಗತಿಗೆ ಫ್ರಾನ್ಸಿನ ಮಹಾಕ್ರಾಂತಿಯ ಪಾಠ ಹೇಳುತ್ತಿರುವಾಗ, ಬ್ರೆಡ್ಡಿಗಾಗಿ ಹೆಂಗಸರು ವರ್ಸೈಲ್ಸಿಗೆ ನಡೆದರೆಂಬ ಮಾತು ಬಂದೊಡನೆ, ಬೆಳಿಗ್ಗೆ ಹೆಸರುಕಾಳು ನೆನೆಹಾಕಿದೆನೇ ಎಂಬ ಚಿಂತೆ ಮನಸ್ಸಿನ ಇನ್ನೊಂದು ಮೂಲೆಯಲ್ಲಿ ಏಳುತ್ತಿತ್ತು. ಕಡೆಯ ಗಂಟೆ ಹೊಡೆದು ಬಸ್ಸಿನಲ್ಲಿ ಕುಳಿತಾಗ, ಮನೆಯಲ್ಲಿ ಏನೇನಿದೆ, ಯಾವುದು ನಾಳೆಗೆ ಕೆಡುತ್ತದೆ, ಅತ್ತೆಯವರಿಗೆ ಯಾವುದು ಜೀರ್ಣವಾಗದು, ಮಗನಿಗೆ ಯಾವುದು ಸೇರದು ಎಂಬ ನಾಲ್ಕು ಪಟ್ಟಿಗಳನ್ನು ಹೋಲಿಸಿ, ಎನ್.ಆರ್. ಕಾಲೋನಿಯ ನಿಲ್ದಾಣ ಬರುವ ಹೊತ್ತಿಗೆ ಉತ್ತರ ಸಿದ್ಧವಾಗಿರಬೇಕು. ನನ್ನ ಜೊತೆಯ ಉಪಾಧ್ಯಾಯಿನಿಯರೆಲ್ಲರ ಸ್ಥಿತಿಯೂ ಇದೇ. ವಿರಾಮದ ವೇಳೆಯಲ್ಲಿ ನಾವು ಬಹಳ ಗಂಭೀರವಾಗಿ ಚರ್ಚಿಸುತ್ತಿದ್ದುದು ಪಠ್ಯಕ್ರಮವನ್ನೆಂದು ನೀವು ತಿಳಿದಿದ್ದರೆ, ಹಾಗೆಯೇ ತಿಳಿದಿರಿ!

ಮನೆಯವರನ್ನು ಕೇಳಿದರೆ ದೊರೆಯುತ್ತಿದ್ದ ಉತ್ತರ ನಿಮಗೆಲ್ಲ ತಿಳಿದದ್ದೇ: "ಏನಾದರೂ ಮಾಡು." ಕೇಳಲು ಎಷ್ಟು ಉದಾರವಾದ ಮಾತು! ಆದರೆ 'ಏನಾದರೂ' ಎಂಬ ಹೆಸರಿನ ಪದಾರ್ಥವನ್ನು ಮಂಗರಸನೂ ಬರೆದಿಲ್ಲ. ಇನ್ನೂ ಒಳ್ಳೆಯ ಮನಸ್ಸಿನ ಗಂಡಸರು, "ಏನು ಮಾಡಬೇಕೆಂದು ಹೇಳು, ನಾನೇ ಹೆಚ್ಚಿ ಕೊಡುತ್ತೇನೆ" ಎನ್ನುತ್ತಾರೆ. ಅದರಲ್ಲಿ ಪ್ರೀತಿಯಿದೆ, ನಿಜ. ಕೈ ಕೊಡುತ್ತಾರೆ; ನಿರ್ಧಾರವನ್ನು ಮಾತ್ರ ಹಾಗೆಯೇ ಹಿಂದಕ್ಕೆ ಕೊಡುತ್ತಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ತಾಯಿ ಐವತ್ತು ವರ್ಷ ಸಂಸಾರ ನಡೆಸಿದರು. ವರ್ಷಕ್ಕೆ 365ರಂತೆ 18,250 ರಾತ್ರಿಗಳು. ವರ್ಷಕ್ಕೆ 24 ಏಕಾದಶಿಗಳಂತೆ 1,200 ಕಳೆಯಿರಿ. ಉಳಿದದ್ದು 17,050. ಹದಿನೇಳು ಸಾವಿರ ಸಲ ಅವರು ಇದೇ ಪ್ರಶ್ನೆಗೆ, ಇದ್ದುದರಲ್ಲಿ, ಎಲ್ಲರಿಗೂ ಹೊಂದುವಂತೆ, ನಿನ್ನೆಯದು ಇಂದು ಬಾರದಂತೆ ಉತ್ತರ ಬರೆದಿದ್ದಾರೆ. ಅಂಕ ಕೊಟ್ಟವರು ಯಾರೂ ಇಲ್ಲ. ಭಾರತ ಸರಕಾರವು 2019ರಲ್ಲಿ ಜನರ ಸಮಯದ ಬಳಕೆಯ ಬಗ್ಗೆ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ಕಳೆಯುತ್ತಾರೆಂದು ತಿಳಿದುಬಂದಿತು. 2024ರ ಸಮೀಕ್ಷೆಯಲ್ಲಿ ಈ ಸಂಖ್ಯೆಗಳು 289 ಮತ್ತು 88. ಐದು ವರ್ಷಗಳಲ್ಲಿ ಇಬ್ಬರ ಸಮಯವೂ ಸ್ವಲ್ಪ ಇಳಿಯಿತು. ನಡುವಿನ ಅಂತರ ಮಾತ್ರ ಹಾಗೆಯೇ ಉಳಿಯಿತು. ಬಸ್ಸಿನಲ್ಲಿ ಕುಳಿತೋ, ಪಾಠ ಹೇಳುತ್ತಲೋ, ಬಟ್ಟೆ ಒಣಹಾಕುತ್ತಲೋ ನಡೆಯುವ ಯೋಚನೆ ಬೇರೆ ಕೆಲಸದ ನಡುವೆಯೇ ಅಡಗಿರುವುದರಿಂದ ಯಾವ ಗಡಿಯಾರಕ್ಕೂ ಸುಲಭವಾಗಿ ಸಿಗುವುದಿಲ್ಲ.

ಇಂದು ಪ್ರಶ್ನೆ ಇನ್ನೂ ದೊಡ್ಡದಾಗಿದೆ. ಪಂಚಾಂಗದ ಮಾತನ್ನು ಕೇಳುವವರು ಕಡಿಮೆ. ಋತುವಿನ ಹಂಗಿಲ್ಲ, ಅವರೇಕಾಯಿ ಚಳಿಗಾಲ ದಾಟಿದ ಮೇಲೂ ಸಿಗುತ್ತದೆ, ಸೊಗಡು ಮಾತ್ರ ಸಿಗುವುದಿಲ್ಲ. ಉರಿಯ ಚಿಂತೆಯಿಲ್ಲ. 2014ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಸ್ವಿಗ್ಗಿಯಂತಹ ಸಂಸ್ಥೆಗಳು ಕೈಯಲ್ಲಿರುವ ಫೋನಿನೊಳಗೆ ನೂರಾರು ಹೋಟೆಲುಗಳನ್ನು ತಂದಿಟ್ಟಿವೆ. ಪಂಚಾಂಗವಿದ್ದ ಮೊಳೆಯಲ್ಲಿ ಈಗ ಅನೇಕ ಮನೆಗಳಲ್ಲಿ ರಕ್ತಪರೀಕ್ಷೆಯ ಕಾಗದ ತೂಗುತ್ತಿದೆ. ಅದು ಹೇಳಿದಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರುವ ಮೊದಲೇ ರಾಗಿ ನಮ್ಮ ಬೀದಿಗೆ ಮರ್ಯಾದೆಯಿಂದ ಹಿಂದಿರುಗಿದೆ. ಹೀಗೆ ಒಬ್ಬೊಬ್ಬರಾಗಿ ಹಳೆಯ ನಿರ್ಣಾಯಕರು ನಿವೃತ್ತರಾದರು. ಅವರು ಹೊತ್ತಿದ್ದ ಪಾಲು ಎಲ್ಲಿಗೆ ಹೋಯಿತು? ಮನೆಯಾಕೆಯ ತಲೆಯ ಮೇಲೆಯೇ ಬಂದು ಕುಳಿತಿತು. ಏನನ್ನೂ ಮಾಡಬಹುದೆಂಬುದು ಸ್ವಾತಂತ್ರ್ಯವೇ ಸರಿ. ಆದರೆ ಪ್ರತಿ ಸಂಜೆ ಒಬ್ಬಳೇ ಅನುಭವಿಸಬೇಕಾದ ಸ್ವಾತಂತ್ರ್ಯ ಹೊರೆಯೂ ಹೌದು.

ಹಳೆಯ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಹಸಿ ಸೌದೆಯ ಹೊಗೆಯನ್ನು ಕಂಡವರಾರೂ ಹಾಗೆ ಹೇಳಲಾರರು. ವ್ರತಗಳ ಬಹುಭಾರ ಬಿದ್ದುದೂ ಹೆಂಗಸರ ಮೇಲೆಯೇ. ನಾನು ಹೇಳುವುದಿಷ್ಟೇ: ಒಲೆ ಬದಲಾಯಿತು, ಧಾನ್ಯ ಬದಲಾಯಿತು, ಸರಕಾರಗಳು ಬದಲಾದವು, ಉತ್ತರ ಕೊಡಬೇಕಾದವರು ಮಾತ್ರ ಬದಲಾಗಲಿಲ್ಲ. ಈ ಚರಿತ್ರೆಯಲ್ಲಿ ಇನ್ನೂ ಬರಬೇಕಾಗಿರುವ ಬದಲಾವಣೆ ಅದೊಂದೇ. ದೂರದೇಶದಲ್ಲಿರುವ ನನ್ನ ಮಗನ ಮನೆಯಲ್ಲಿ ವಾರದ ಮೂರು ರಾತ್ರಿಗಳ ಅಡಿಗೆಯನ್ನು ಅವನೇ ಯೋಚಿಸಿ, ಅವನೇ ಸಾಮಾನು ತಂದು, ಅವನೇ ಮಾಡುತ್ತಾನೆ. ಅವನ ಹುಳಿಗೆ ಉಪ್ಪು ಸ್ವಲ್ಪ ಮುಂದೆ. ಆದರೂ ಆ ಮೂರು ಸಂಜೆಗಳಲ್ಲಿ ನನ್ನ ಸೊಸೆಯ ಧ್ವನಿ ಫೋನಿನಲ್ಲಿ ಹಗುರವಾಗಿ ಕೇಳುತ್ತದೆ. ನಮ್ಮ ಬೀದಿಯಲ್ಲಿಯೂ ಇಂತಹ ಮನೆಗಳು ಒಂದೆರಡು ಕಾಣಿಸತೊಡಗಿವೆ.

ಉಪಾಧ್ಯಾಯಿನಿಯ ಬುದ್ಧಿ ಹೋಗುವುದಿಲ್ಲ. ಆದ್ದರಿಂದ ಒಂದು ಮನೆಪಾಠ ಕೊಡುತ್ತೇನೆ. ನಿಮ್ಮ ತಾಯಿ, ಅತ್ತೆ, ಅಜ್ಜಿ, ದೊಡ್ಡಮ್ಮ ಯಾರಿದ್ದರೂ ಅವರ ಬಳಿ ಕುಳಿತು, "ಕಷ್ಟದ ದಿನಗಳಲ್ಲಿ ರಾತ್ರಿಗೆ ಏನು ಮಾಡಬೇಕೆಂದು ಹೇಗೆ ಗೊತ್ತುಮಾಡುತ್ತಿದ್ದಿರಿ?" ಎಂದು ಕೇಳಿ, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದಿಡಿ. ಅಡಿಗೆಯ ವಿಧಾನ ಬೇಡ, ನಿರ್ಧಾರದ ವಿಧಾನ ಬೇಕು. ಬರೆದುದನ್ನು ನನಗೂ ಕಳುಹಿಸಿದರೆ ಸಂತೋಷಪಡುತ್ತೇನೆ. ಅದಾದ ಮೇಲೆ, ಗಂಡು ಮಕ್ಕಳೂ ಸೇರಿದಂತೆ ನೀವೆಲ್ಲರೂ, ವಾರದಲ್ಲಿ ಎರಡು ರಾತ್ರಿಯಾದರೂ ಯಾರನ್ನೂ ಕೇಳದೆ ಈ ಪ್ರಶ್ನೆಗೆ ನೀವೇ ಉತ್ತರ ಕಂಡುಕೊಳ್ಳಿ. ಉಪ್ಪು ಹೆಚ್ಚು ಕಡಿಮೆಯಾದರೆ ಅಂಕ ಕಳೆಯುವುದಿಲ್ಲ.